ಪಾರ್ಸಲ್‌ನೊಳಗೆ ಇನ್ನೊಂದು ರೊಟ್ಟಿ

ಅತ್ತಿ,

ಶರಣು. ನಿಮ್ಮ ಸೊಸೆ ಶಾಂತಾ ಬರೆಯುತ್ತಿದ್ದೇನೆ. ನೀವು ಹೋಗಿ ಇಷ್ಟು ವರ್ಷವಾದ ಮೇಲೆ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತೀರಾ? ನಿಮ್ಮ ಮಾತು ಮೀರಿದ್ದೇನೆ, ಅದಕ್ಕೆ. ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಅಂತ ಕೇಳಲು ಬರೆಯುತ್ತಿಲ್ಲ. ಮೀರಿದೆ, ಗೆದ್ದೆ, ನಿನ್ನೆ ಚಿತ್ತಾಪುರಕ್ಕೆ ಹೋಗಿ ಆ ಗೆಲುವನ್ನು ಕಣ್ಣಾರೆ ನೋಡಿ ಬಂದೆ ಅಂತ ಹೇಳಲು ಬರೆಯುತ್ತಿದ್ದೇನೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಈಗಲೇ ಜಗಳಕ್ಕೆ ನಿಲ್ಲಬೇಡಿ. ಮೊದಲು ಪೂರ್ತಿ ಓದಿ.

ನಮ್ಮ ಖಾನಾವಳಿಯ ಬಾಗಿಲ ಪಕ್ಕದಲ್ಲಿ ನೀವು ನಿಲ್ಲಿಸಿದ ಶಹಾಬಾದ್ ಫರ್ಸಿ ಕಲ್ಲು ನೆನಪಿದೆಯಲ್ಲ? ಕೆಂಪು ಬಣ್ಣದಲ್ಲಿ ಬರೆಸಿದ್ದಿರಿ: ‘ಕುಂತು ಉಣ್ಣಿರಿ. ಪಾರ್ಸಲ್ ಕೊಡುವುದಿಲ್ಲ.’ ನಮ್ಮ ಸೇಡಂನಲ್ಲಿ ಯಾವ ಹೋಟೆಲಿನವರೂ ಹೀಗೆ ಬಂದ ಗಿರಾಕಿಯನ್ನು ಬಾಗಿಲಲ್ಲೇ ಬೈದು ಒಳಗೆ ಕರೆದದ್ದಿಲ್ಲ. ಹೈದರಾಬಾದ್ ಬಸ್ಸಿಗೆ ಹೊತ್ತಾಯಿತು, ನಾಲ್ಕು ರೊಟ್ಟಿ ಕಟ್ಟಿಕೊಡಿ ಅಂದವರಿಗೂ ನಿಮ್ಮ ಉತ್ತರ ಒಂದೇ. “ಮುಂದ ಕುಂತು ಉಣ್ಣಾಂವ ಇನ್ನೊಂದು ರೊಟ್ಟಿ ಕೇಳ್ತಾನ. ಪಾರ್ಸಲ್ ಒಯ್ದಾಂವ ಯಾರನ್ನ ಕೇಳ್ತಾನಪ್ಪಾ? ಮನಿ ಗ್ವಾಡಿಗಿ ಕೇಳ್ತಾನೇನು?” ಬಸ್ಸು ತಪ್ಪಿದವರು ಎಷ್ಟು ಜನರೋ. ಆದರೂ ಮರುವಾರ ಅವರೇ ಬಂದು ಕೂರುತ್ತಿದ್ದರು, ಇನ್ನೊಂದು ಕೇಳುತ್ತಿದ್ದರು.

ನಾನು ಹೊಸದಾಗಿ ಬಂದ ವರ್ಷ ಒಬ್ಬರು ಮಾಸ್ತರರು ಪರೀಕ್ಷೆಯ ಡ್ಯೂಟಿಗೆಂದು ಚಿತ್ತಾಪುರದಿಂದ ಬಂದಿದ್ದರು. ತೆಳ್ಳಗೆ, ಎತ್ತರ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪುಂಡಿ ಪಲ್ಯ ಹಾಕಿಸಿಕೊಂಡು ಮೂರು ರೊಟ್ಟಿ ಉಂಡರು. ಕೈ ತೊಳೆದು ಬಂದು ಮೆಲ್ಲಗೆ ಕೇಳಿದರು, “ನಮ್ಮ ಮನಿಯಾಕಿಗಿ ಎರಡು ರೊಟ್ಟಿ, ಜರಾ ಪಲ್ಯಾ ಕಟ್ಟಿಕೊಡ್ತೀರೇನ್ರಿ?” ನೀವು ಹಂಚಿನ ಮೇಲಿಂದ ಕಣ್ಣೆತ್ತದೆಯೇ ಅಂದಿರಿ, “ಕಟ್ಟಿಕೊಡಲ್ರೀ ಮಾಸ್ತರ್. ಆಕಿನ್ನೇ ಕರ್ಕೊಂಡು ಬರ್ರಿ. ಕುಂದರ್ಸಿ ಹೊಟ್ಟಿ ತುಂಬ ಉಣ್ಣಸ್ತೀನಿ.” ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವರೊಬ್ಬರು ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದರು. ಈ ಮಾಸ್ತರರನ್ನು ನೆನಪಿನಲ್ಲಿಡಿ ಅತ್ತಿ, ಮುಂದೆ ಬೇಕಾಗುತ್ತಾರೆ.

ನೀವು ಹೋದ ಎರಡು ವರ್ಷಕ್ಕೆ ಊರಿಗೇ ಬಾಗಿಲು ಬಿತ್ತು. ಕೊರೋನಾ ಅಂತ ಒಂದು ಬೇನೆ. ಬಸ್ಸು ನಿಂತವು, ರೈಲು ನಿಂತವು, ಸಿಮೆಂಟ್ ಫ್ಯಾಕ್ಟರಿಯ ಪಾಳಿಯವರು ಬರುವುದು ನಿಂತಿತು. ಜನ ಮೂಗು ಬಾಯಿ ಮುಚ್ಚಿಕೊಂಡು, ಎದುರಿಗೆ ಬಂದವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ಸರಿದು ಹೋಗುವುದನ್ನು ನೀವು ನೋಡಬೇಕಿತ್ತು... ಇಲ್ಲ ಬಿಡಿ, ನೋಡದೆ ಹೋದದ್ದೇ ಒಳ್ಳೆಯದಾಯಿತು. ಸ್ವಲ್ಪ ದಿನಕ್ಕೆ ಹೋಟೆಲು ತೆರೆಯಬಹುದು ಅಂದರು. ಆದರೆ ಯಾರನ್ನೂ ಕೂರಿಸಿ ಉಣ್ಣಿಸಬಾರದು, ಪಾರ್ಸಲ್ ಮಾತ್ರ ಕೊಡಬೇಕು. ನಿಮ್ಮ ಕಲ್ಲು ಏನು ಹೇಳುತ್ತಿತ್ತೋ ಅದಕ್ಕೆ ಬರಾಬರಿ ಉಲ್ಟಾ!

ಕಟ್ಟಡದ ಮಾಲಕರು ಮುಖವಸ್ತ್ರ ಕಟ್ಟಿಕೊಂಡು ಬಂದು ದೂರದಿಂದಲೇ ಹೇಳಿದರು. “ನೋಡವ್ವಾ, ಮೊಬೈಲ್ ಅಂಗಡ್ಯಾಂವ ಒಬ್ಬಾಂವ ಜಾಗಾ ಕೇಳ್ಲಿಕತ್ಯಾನ. ಪಂಚಮಿ ತನಕ ನೋಡ್ತೀನಿ. ಅಷ್ಟ್ರಾಗ ಒಲಿ ಹತ್ತಿದ್ರ ನಿಂದು, ಇಲ್ಲಾಂದ್ರ ಅವನದು.” ನಿಮ್ಮ ಮಗ ಶರಣಪ್ಪ ತಲೆ ತಗ್ಗಿಸಿ ಕೂತುಬಿಟ್ಟರು. “ಅವ್ವ ಬರಸಿದ ಮಾತು ಅದು. ಮುಚ್ಚಿದ್ರ ಮುಚ್ಚಾಮು, ಪಾರ್ಸಲ್ ಅಂತೂ ಬ್ಯಾಡ,” ಅಂದರು. ನನಗೆ ಸಿಟ್ಟು ಬಂತು ಅತ್ತಿ, ನಿಮ್ಮಿಬ್ಬರ ಮೇಲೂ. ಮೂವತ್ತು ವರ್ಷ ನೀವು ಹೊಗೆ ಕುಡಿದು ಉಳಿಸಿಕೊಂಡ ಒಲೆಯ ಜಾಗದಲ್ಲಿ ಮೊಬೈಲಿನ ಕವರು ನೇತು ಹಾಕುವುದೇ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಮರುದಿನವೇ ಒಲೆ ಹಚ್ಚಿದೆ.

ಮೊದಲ ದಿನ ನಾನು ಮಾಡಿದ ತಪ್ಪನ್ನು ನಮ್ಮಂಥವರು ಮಾತ್ರ ಮಾಡಲು ಸಾಧ್ಯ. ಹುಟ್ಟಿದಾಗಿನಿಂದ ರೊಟ್ಟಿಯನ್ನು ಹಂಚಿನಿಂದ ನೇರ ತಾಟಿಗೆ ಹಾಕಿದವರು ನಾವು, ಕಟ್ಟಿ ಕಳಿಸಿ ಗೊತ್ತಿಲ್ಲ. ಬಿಸಿ ಬಿಸಿ ಮುಟ್ಟಲಿ ಅಂತ ಹಬೆಯಾಡುವ ಹತ್ತು ರೊಟ್ಟಿಯನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಬಿಗಿದು ಕಟ್ಟಿದೆ. ಅದೇ ದೊಡ್ಡ ಜಾಣತನ ಅಂದುಕೊಂಡೆ. ಹಾಲಿನ ಗಾಡಿಯ ಖಾಜಾ ಭೈ ಬೆಳಗ್ಗೆ ಚಿತ್ತಾಪುರ, ವಾಡಿ, ಶಹಾಬಾದಿಗೆ ಹಾಲು ಒಯ್ಯುತ್ತಾರೆ. ಅವರ ಕೈಯಲ್ಲೇ ಪಾರ್ಸಲ್ ಕಳಿಸಿದೆ. ಆ ಮೂರು ತಾಸಿನಲ್ಲಿ ಚೀಲದೊಳಗೆ ಆ ಹಬೆಯೆಲ್ಲ ಏನಾಗಿರಬೇಕು ಅಂತ ನಿಮಗೆ ಹೇಳಬೇಕೇ?

ನನಗೆ ಗೊತ್ತಾದದ್ದು ಫೋನಿನಲ್ಲಿ. ಆಗ ವಾಟ್ಸಾಪಿನಲ್ಲಿ ಒಂದು ಗುಂಪು ಶುರುವಾಗಿತ್ತು, ‘ಮನ್ಯಾಗ ಕುಂತು ಊಟ’ ಅಂತ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಜನ ಯಾವ ಹೋಟೆಲಿನಿಂದ ಏನು ತರಿಸಿಕೊಂಡೆವು, ಹೇಗಿತ್ತು ಅಂತ ಫೋಟೋ ಹಾಕಿ ಬರೆಯುತ್ತಿದ್ದರು. ಹೊರಗೆ ಕಾಲಿಡುವಂತಿಲ್ಲ, ನೆಂಟರ ಮನೆಗೆ ಹೋಗುವಂತಿಲ್ಲ, ಬಾಯಿಗಾದರೂ ತಿರುಗಾಟ ಬೇಡವೇ? ಗುಂಪು ಮಾಡಿದವರು ಚಿತ್ತಾಪುರದ ನಿವೃತ್ತ ಹೆಡ್‌ಮಾಸ್ತರ್ ಭೀಮರಾವ್. ಅಭ್ಯಾಸ ಬಿಡುತ್ತದೆಯೇ, ಊಟಕ್ಕೂ ಮಾರ್ಕ್ಸ್ ಹಾಕುತ್ತಿದ್ದರು. ವಾಡಿ ಸ್ಟೇಷನ್ ಕಡೆಯ ಒಂದು ತಹರಿ ಅನ್ನಕ್ಕೆ ಹತ್ತಕ್ಕೆ ಎಂಟು. ಶಹಾಬಾದಿನ ಒಂದು ಚುರುಮುರಿ ಸುಸ್ಲಾಕ್ಕೆ ಏಳು, ಜೊತೆಗೆ ಬಂದ ಮಿರ್ಚಿ ಭಜಿ ಮೆತ್ತಗಾಗಿದ್ದಕ್ಕೆ ಒಂದು ಕಡಿತ. ಅವರ ಮಾರ್ಕ್ಸ್ ನೋಡಿಯೇ ಜನ ಮರುದಿನದ ಊಟ ಹೇಳುತ್ತಿದ್ದರು.

ನನ್ನ ರೊಟ್ಟಿಯ ಫೋಟೋ ಹಾಕಿ ಅವರು ಬರೆದರು: ‘ಸೇಡಂ ಈರಮ್ಮನ ಖಾನಾವಳಿ. ರೊಟ್ಟಿಗಳು ದಾರಿಯಲ್ಲಿ ಸ್ನಾನ ಮುಗಿಸಿಕೊಂಡು ಬಂದಿವೆ. ಹತ್ತಕ್ಕೆ ಎರಡು, ಅದೂ ಪುಂಡಿ ಪಲ್ಯದ ಪುಣ್ಯ. ಹನ್ನೆರಡು ವರ್ಷದ ಹಿಂದೆ ಇದೇ ಖಾನಾವಳಿ ನನಗೆ ಪಾರ್ಸಲ್ ಕೊಡುವುದಿಲ್ಲ ಅಂದಿತ್ತು. ಅಂದದ್ದೇ ಸರಿ ಇತ್ತು.’ ಕೆಳಗೆ ನೂರಾರು ನಗು. ನಿಮ್ಮ ಹೆಸರಿಗೆ, ಅತ್ತಿ, ನೂರಾರು ನಗು! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ, ನನ್ನದು ರೊಟ್ಟಿಗೆ ಹೋಗಿತ್ತು. ಮರುದಿನ ಒಂದೂ ಪಾರ್ಸಲ್ ಹೋಗಲಿಲ್ಲ.

ಜಗಳ ಮಾಡಬೇಕೆಂದೇ ಅವರಿಗೆ ಫೋನ್ ಹಚ್ಚಿದೆ. ಖಾನಾವಳಿಯ ಹೆಸರು ಹೇಳಿ ಜಗಳಕ್ಕೆ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ಹೆಣ್ಣು ದನಿ, ಸ್ವಲ್ಪ ತೊದಲಿನ ದನಿ, ಕೇಳಿಸಿತು. “ಪಾಪ, ಬಯ್ಯಬ್ಯಾಡ್ರಿ. ಪಲ್ಯಾ ಭಾಳ ಛಲೋ ಅದ.” ಯಾರ್ರೀ ಅದು ಅಂದೆ. “ನಮ್ಮನಿಯಾಕಿ, ಸುಶೀಲಾಬಾಯಿ. ಹಾಸಿಗಿ ಬಿಟ್ಟು ಏಳಲ್ಲಮ್ಮಾ. ಲಕ್ವಾ ಹೊಡ್ದು ಹದಿನಾಕು ವರ್ಷ ಆತು,” ಅಂದರು. ಹದಿನಾಲ್ಕು. ನಾನು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದೆ. ಬಿಳಿ ಅಂಗಿ, ಮೂರು ರೊಟ್ಟಿ, ಎಲ್ಲರ ನಗು, ಆಕಿನ್ನೇ ಕರ್ಕೊಂಡು ಬರ್ರಿ ಅಂದ ನಿಮ್ಮ ಮಾತು... ಆಗಲೇ ಆಕೆ ಮಲಗಿ ಎರಡು ವರ್ಷವಾಗಿತ್ತು ಅತ್ತಿ.

“ಅವತ್ತೇ ನಮ್ಮತ್ತಿಗಿ ಹೇಳ್ಬೇಕಿತ್ತಲ್ರಿ? ಗೊತ್ತಿದ್ರ ಓಡಿಬಂದು ಕಟ್ಟಿಕೊಡ್ತಿದ್ರು,” ಅಂದೆ. “ಅಷ್ಟು ಮಂದಿ ನಗ್ಲಿಕತ್ತಾಗ ಹೆಂಡ್ತಿ ಬ್ಯಾನಿ ಹೇಳ್ಕೊಂತ ನಿಂದ್ರಲೇನವ್ವಾ?” ಅಂದರು. ಆ ಮಾತಿಗೆ ಉತ್ತರ ನಿಮ್ಮಲ್ಲಿ ಇದೆಯೇ ಅತ್ತಿ?

ಆ ದಿನ ನಾನು ಉಣ್ಣಲಿಲ್ಲ. ನಿಮ್ಮ ಮಗನೆದುರು ಕೂತು ಕಣ್ಣೀರು ಹಾಕಿದೆ, ನಿಮ್ಮನ್ನು ಬೈದೆ ಕೂಡ. ಅವರು ಎದ್ದು ಹೋಗಿ ಅಟ್ಟದಿಂದ ಒಂದು ಹಳೆಯ ಬಿದಿರಿನ ಬುಟ್ಟಿ, ರೊಟ್ಟಿ ಸುತ್ತುವ ಒಂದು ದಪ್ಪ ಅರಿವೆ ತಂದು ನನ್ನ ಮುಂದಿಟ್ಟರು. “ಅಪ್ಪ ಶಹಾಬಾದ್ ಫರ್ಸಿ ಖಣಿಗಿ ಸೋಮವಾರ ಹೋದ್ರ ಶನಿವಾರ ಬರ್ತಿದ್ದ. ಅವ್ವ ಇದ್ರಾಗೇ ಬುತ್ತಿ ಕಟ್ಟತಿದ್ಲು. ರೊಟ್ಟಿ ಸುಟ್ಟ ಕೂಡ್ಲೇ ಒಂದರ ಮ್ಯಾಲ ಒಂದು ಹಾಕ್ತಿದ್ದಿಲ್ಲ, ಒಲಿ ಸುತ್ತ ನಿಂದರಿಸಿ ಹಬಿ ಬಿಡ್ತಿದ್ಲು. ಖಡಕ್ ಮಾಡ್ತಿದ್ಲು. ಮತ್ತ ಲೆಕ್ಕದಕಿಂತ ಒಂದು ಹೆಚ್ಚಿಗಿ ಇಡ್ತಿದ್ಲು. ಯಾಕವ್ವಾ ಅಂದ್ರ, ಅಲ್ಲಿ ನಿಮ್ಮಪ್ಪಗ ಬಡಸೋರು ಯಾರಿದ್ದಾರ, ಇನ್ನೊಂದು ಮೊದ್ಲೇ ಇಟ್ಟೀನಿ ಅಂತಿದ್ಲು.”

ಸಿಕ್ಕಿಬಿದ್ದಿರಿ ಅತ್ತಿ! ಊರಿಗೆಲ್ಲ ಪಾರ್ಸಲ್ ಇಲ್ಲ ಅಂದವರು, ನೀವೇ ಅಷ್ಟು ವರ್ಷ ವಾರ ವಾರ ಪಾರ್ಸಲ್ ಕಟ್ಟಿದವರು. ಇನ್ನೊಂದು ರೊಟ್ಟಿ ಕೇಳಲು ಎದುರಿಗೆ ಯಾರೂ ಇಲ್ಲದಿದ್ದರೆ ಏನು ಮಾಡಬೇಕು ಅಂತ ನಿಮಗೆ ಮೊದಲೇ ಗೊತ್ತಿತ್ತು. ನನಗೆ ಮಾತ್ರ ಹೇಳದೆ ಹೋದಿರಿ. ಅತ್ತೆಯರು ಎಲ್ಲವನ್ನೂ ಕಲಿಸುತ್ತಾರೆ, ಕೀಲಿಕೈಯೊಂದನ್ನು ಬಿಟ್ಟು.

ಮರುದಿನ ಗುಂಪಿನಲ್ಲಿ ನಾನೇ ಬರೆದೆ: ‘ಮೊನ್ನೆಯ ರೊಟ್ಟಿ ನನ್ನ ತಪ್ಪು. ಪ್ಲಾಸ್ಟಿಕ್ ಬೇಡ. ನಿಮ್ಮ ಡಬ್ಬಿ, ನಿಮ್ಮ ಮನೆಯ ಅರಿವೆ ಖಾಜಾ ಭೈ ಕೈಯಲ್ಲಿ ಕಳಿಸಿ. ತೊಳೆದು, ಕುದಿಸಿ, ಬಿಸಿಲಿಗಿಟ್ಟು ತುಂಬಿ ಕಳಿಸುತ್ತೇನೆ.’ ಬಂದದ್ದು ನಾಲ್ಕೇ ಡಬ್ಬಿ. ಅದರಲ್ಲಿ ಒಂದು ಮಾಸ್ತರರದು. ನಾಲ್ಕಕ್ಕೂ ಹಬೆ ಬಿಟ್ಟ ರೊಟ್ಟಿ, ಪುಂಡಿ ಪಲ್ಯ, ಕಡಲೆಹಿಟ್ಟಿನ ಝುಣಕ, ಶೇಂಗಾ ಹಿಂಡಿ ಇಟ್ಟೆ. ಎಲ್ಲದರ ಮೇಲೆ ಬೇರೆಯಾಗಿ ಕಟ್ಟಿದ ಒಂದು ಖಡಕ್ ರೊಟ್ಟಿ, ಯಾರೂ ಕೇಳದ್ದು. ಖಾಜಾ ಭೈ ಗಾಡಿ ಚಾಲೂ ಮಾಡುತ್ತಾ, “ಭಾಭಿ, ಇವತ್ತ ರೊಟ್ಟಿಗಿ ಜಳಕ ಮಾಡ್ಸಿಲ್ಲಲಾ?” ಅಂತ ಕೇಳಿ ನನ್ನಿಂದ ಬೈಸಿಕೊಂಡು ಹೋದರು.

ಮಧ್ಯಾಹ್ನ ಫೋನು ಟಣ್ ಅಂದಾಗ ನೋಡಲು ಧೈರ್ಯವಾಗದೆ ನಿಮ್ಮ ಮಗನಿಗೆ ಕೊಟ್ಟೆ. ಅವರು ಓದುತ್ತಾ ಎದ್ದು ನಿಂತರು. ‘ಈರಮ್ಮನ ಖಾನಾವಳಿ. ಎಣಿಸಿದೆ, ಒಂದು ರೊಟ್ಟಿ ಹೆಚ್ಚಿಗೆ ಬಂದಿದೆ. ತಪ್ಪಿ ಬಂದಿರಬೇಕು ಅಂತ ವಾಪಸ್ ಕಳಿಸಲು ಹೊರಟೆ. ನಮ್ಮನೆಯಾಕೆ ಕಸಿದುಕೊಂಡು ತಿಂದಳು. ಹತ್ತಕ್ಕೆ ಒಂಬತ್ತೂವರೆ.’ ಆ ಗುಂಪಿನಲ್ಲಿ ಯಾರಿಗೂ ಒಂಬತ್ತು ದಾಟಿರಲಿಲ್ಲ! ನಾನು ಹಿಟ್ಟಿನ ಕೈಯಲ್ಲೇ ನಿಮ್ಮ ಫೋಟೋದ ಮುಂದೆ ನಿಂತು ನೋಡಿರಿ ಅಂತ ಕೂಗಿದೆ. ಗಾಜಿಗೆ ಹಿಟ್ಟು ಮೆತ್ತಿತು, ಇವತ್ತಿಗೂ ಮೂಲೆಯಲ್ಲಿ ಇದೆ.

ಆಮೇಲೆ ಡಬ್ಬಿಗಳ ಸಂತೆಯೇ ನೆರೆಯಿತು. ಹಿತ್ತಾಳೆಯವು, ಸ್ಟೀಲಿನವು, ವಾಡಿಯ ರೈಲ್ವೆಯವರ ನಾಲ್ಕು ಅಂತಸ್ತಿನವು. ಅದಕ್ಕಿಂತ ಚೆಂದದ ಸಂಗತಿ ಕೇಳಿ. ಖಾಲಿ ಪಾತ್ರೆ ಕಳಿಸಬಾರದು ಅನ್ನುವ ರೂಢಿ ನಮ್ಮ ಜನರನ್ನು ಬೇನೆಯಲ್ಲೂ ಬಿಡಲಿಲ್ಲ. ಒಂದು ಡಬ್ಬಿಯಲ್ಲಿ ಹಿಡಿ ತೊಗರಿಬೇಳೆ, ಒಂದರಲ್ಲಿ ಹಿತ್ತಲಿನ ನಿಂಬೆಹಣ್ಣು, ಕುರಕುಂಟಾದ ಒಬ್ಬಾಕೆಯದರಲ್ಲಿ ಹಸಿ ಪುಂಡಿ ಸೊಪ್ಪು. ಕುಂಚಾವರಂ ಕಡೆಯ ದವಾಖಾನೆಯ ನರ್ಸಮ್ಮ ಔಷಧಿ ಒಯ್ಯಲು ಬಂದಾಗ ಊಟ ಒಯ್ದವಳು, ಡಬ್ಬಿ ತುಂಬ ಬೋರೆಹಣ್ಣಿನ ಒಣ ಉಂಡೆ ಕಳಿಸಿ, ಪುಂಡಿ ಪಲ್ಯ ಬಹಳ ಚೆನ್ನಾಗಿದೆ ಅಂತ ತನ್ನ ತೆಲುಗು ಬೆರೆಸಿ ಗುಂಪಿನಲ್ಲಿ ಬರೆದಳು: ‘ಶಾಂತಕ್ಕಾ, ನಿಮ್ಮ ಗೋಂಗೂರ ಚಾಲಾ ಬಾಗುಂದಿ. ಇಪ್ಪತ್ತು ದಿನ ಮನೆಗೆ ಹೋಗಿಲ್ಲ, ಆ ಒಂದು ಹೆಚ್ಚಿನ ರೊಟ್ಟಿ ನೋಡಿ ನಮ್ಮಮ್ಮನ ನೆನಪಾಯಿತು.’ ಅದಕ್ಕೆ ಜನ ‘ಅತ್ತಿ ರೊಟ್ಟಿ’ ಅಂತ ಹೆಸರಿಟ್ಟಿದ್ದಾರೆ. ನಿಮ್ಮ ಹೆಸರಿನಲ್ಲೇ ನಡೆಯುತ್ತಿದೆ ನೋಡಿ.

ಪಂಚಮಿಯ ಹಿಂದಿನ ದಿನ ಕಟ್ಟಡದ ಮಾಲಕರು ಬಂದರು. ಅವರು ಬೆನ್ನ ಹಿಂದಿನಿಂದ ಒಂದು ಡಬ್ಬಿ ತೆಗೆದು ಮುಂದಿಟ್ಟರು. “ಮೊಬೈಲ್ ಅಂಗಡ್ಯಾಂವಗ ಬ್ಯಾರೆ ಜಾಗಾ ತೋರ್ಸೀನಿ. ಐದು ರೊಟ್ಟಿ ಕಟ್ಟವ್ವಾ. ಅತ್ತಿ ರೊಟ್ಟಿ ಮರಿಬ್ಯಾಡ.” ಅಷ್ಟೇ ಅತ್ತಿ. ಒಲೆ ನಮ್ಮದೇ ಆಯಿತು. ನಿಮ್ಮ ಫರ್ಸಿಯನ್ನು ತೆಗೆಯೋಣವೇ ಅಂತ ನಿಮ್ಮ ಮಗ ಕೇಳಿದರು, ನಾನು ಬೇಡ ಅಂದೆ. ‘ಪಾರ್ಸಲ್ ಕೊಡುವುದಿಲ್ಲ’ ಅನ್ನುವ ಕಲ್ಲಿನ ಪಕ್ಕ ಪಾರ್ಸಲ್ ಹಿಡಿದು ಫೋಟೋ ತೆಗೆಸಿಕೊಳ್ಳುವುದು ಈಗ ನಮ್ಮೂರಿನಲ್ಲಿ ಒಂದು ಆಟ.

ಬೇನೆ ಇಳಿಯಿತು, ಮತ್ತೆ ಏರಿತು, ಕೊನೆಗೆ ಹೋಯಿತು. ಜನ ಕೂತು ಉಣ್ಣಲು ಬಂದರು, ಇನ್ನೊಂದು ಕೇಳಿದರು. ಎಲ್ಲ ಸರಿ. ಆದರೆ ಆ ಮಾಸ್ತರರ ಅರ್ಧ ಮಾರ್ಕು! ಪ್ರತಿ ವಾರ ಡಬ್ಬಿ ಹೋಗುತ್ತದೆ, ಪ್ರತಿ ವಾರ ಒಂಬತ್ತೂವರೆ ಬರುತ್ತದೆ. ಕೊನೆಗೆ ಹೋದ ವಾರ ಫೋನ್ ಮಾಡಿ ಕೇಳಿಯೇಬಿಟ್ಟೆ. “ಮಾಸ್ತರ್, ಇಷ್ಟು ವರ್ಷ ಆತು. ಆ ಅರ್ಧ ಎಲ್ಲಿ ಇಟ್ಕೊಂಡೀರಿ?” ಅವರು ನಕ್ಕರು. “ಅದು ಬಿಸಿ ರೊಟ್ಟಿದು. ಹಂಚಿನ ಮ್ಯಾಲಿಂದ ಬಿದ್ದಿದ್ದು ಚಿತ್ತಾಪುರ ತನಕ ಬರಲ್ಲವ್ವಾ. ನಮ್ಮನ್ಯಾಗ ಮುಂಜಾನಿ ಒಬ್ಬಾಕಿ ರೊಟ್ಟಿ ಮಾಡಿಟ್ಟು ಹೋಗ್ತಾಳ. ಸುಶೀಲಾ ಉಣ್ಣೋದ್ರಾಗ ತಣ್ಣಗಾಗಿರ್ತಾವ. ಆಕಿ ಬಿಸಿ ರೊಟ್ಟಿ ಉಂಡು...”

ಆಗ ನಿಮ್ಮ ದನಿ ಕೇಳಿಸಿತು. ಆಕಿನ್ನೇ ಕರ್ಕೊಂಡು ಬರ್ರಿ. ಕುಂದರ್ಸಿ ಹೊಟ್ಟಿ ತುಂಬ ಉಣ್ಣಸ್ತೀನಿ. ತುಂಬಿದ ಖಾನಾವಳಿಯಲ್ಲಿ ನಾಲ್ಕು ಜನರ ಮುಂದೆ ಕೊಟ್ಟ ಮಾತು ಅದು ಅತ್ತಿ, ನಿಮ್ಮ ಬಾಯಿಂದಲೇ ಬಂದದ್ದು. ಆಕೆಗೆ ಬರಲಾಗದಿದ್ದರೆ ಮಾತು ತೀರಿಹೋಗುತ್ತದೆಯೇ?

ನಿನ್ನೆ ಸೋಮವಾರ, ನಮ್ಮ ರಜೆ. ಖಾಜಾ ಭೈ ಗಾಡಿಯಲ್ಲಿ ಹಾಲಿನ ಕ್ಯಾನುಗಳ ನಡುವೆ ನಿಮ್ಮ ಹಂಚು, ಹಿಟ್ಟು ನಾದುವ ನಿಮ್ಮ ಕೊಣಮಿಗೆ, ಜೋಳದ ಹಿಟ್ಟು, ಪುಂಡಿ ಪಲ್ಯದ ಬೋಗುಣಿ ಇಟ್ಟುಕೊಂಡು ನಾನೂ ನಿಮ್ಮ ಮಗನೂ ಚಿತ್ತಾಪುರಕ್ಕೆ ಹೋದೆವು. ಹೇಳದೆಯೇ ಹೋದೆವು. ಬಾಗಿಲು ತೆರೆದ ಮಾಸ್ತರರ ಮುಖ ನೋಡಬೇಕಿತ್ತು ನೀವು. “ಏನಿದು ದಂಡಯಾತ್ರಿ?” ಅಂದರು. “ಆಕಿನ್ನ ಕರ್ಕೊಂಡು ಬರ್ರಿ ಅಂದಿದ್ರಲ್ರಿ ನಮ್ಮತ್ತಿ. ನೀವು ಬರ್ಲಿಲ್ಲ. ಖಾನಾವಳಿನೇ ಬಂದದ ನೋಡ್ರಿ,” ಅಂದೆ.

ಪಡಸಾಲೆಗೆ ಮಂಚ ತಂದರು. ಸುಶೀಲಾಬಾಯಿಯನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಸಣ್ಣ ಮುಖ, ಬೆಳ್ಳನೆಯ ಕೂದಲು, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಮೂರಡಿ ದೂರದಲ್ಲಿ ಒಲೆ ಹೂಡಿದೆ. ಹದಿನಾರು ವರ್ಷದ ಹಿಂದೆ ನೀವು ಮೊದಲ ಸಲ ನನ್ನನ್ನು ಹಿಟ್ಟಿನ ಮುಂದೆ ಕೂರಿಸಿದಾಗ ಕಲಿಸಿದ ಹಾಗೆಯೇ ಹಿಟ್ಟು ನಾದಿದೆ. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು, ಉಬ್ಬಿದ ಹಾಗೆಯೇ ತಾಟಿಗೆ ಹಾಕಿದೆ. ಆಕೆ ಎಡಗೈಯಲ್ಲಿ ಮುರಿದಳು. ಹಬೆ ಮುಖಕ್ಕೆ ಬಡಿಯಿತು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಳು, ಆಮೇಲೆ ಉಂಡಳು. ಉಣ್ಣುವವರ ತಾಟು ನೋಡಬಾರದು ಅಂತ ನೀವು ಕಲಿಸಿದ್ದಿರಿ. ತಾಟು ನೋಡಲಿಲ್ಲ, ಮುಖ ನೋಡಿದೆ.

ಎರಡನೆಯದೂ ಮುಗಿಯಿತು. ಮಾಸ್ತರರು ಕನ್ನಡಕ ಒರೆಸಿಕೊಂಡು ಫೋನು ಕೈಗೆತ್ತಿಕೊಂಡರು, ಗುಂಪಿನಲ್ಲಿ ಮಾರ್ಕ್ಸ್ ಹಾಕಲು. ಇಷ್ಟು ಸಾಕೇನೋ ಅಂತ ನಾನು ಹಿಟ್ಟಿನ ಮೇಲೆ ಅರಿವೆ ಮುಚ್ಚಿದೆ. ಆಗ ಆಕೆ ಆ ತೊದಲು ದನಿಯಲ್ಲಿ, ಆದರೆ ಇಡೀ ಪಡಸಾಲೆಗೆ ಕೇಳುವಂತೆ, ಗಂಡನನ್ನು ಗದರಿದಳು. “ಮಾರ್ಕ್ಸ್ ಆಮ್ಯಾಲ ಹಾಕ್ರಿ. ನಂದು ಊಟ ಆಗಿಲ್ಲ.” ತಾಟನ್ನು ಎಡಗೈಯಲ್ಲಿ ನನ್ನ ಕಡೆ ದೂಡಿದಳು.

“ಏ ಖಾನಾವಳಿ, ಇನ್ನೊಂದು ರೊಟ್ಟಿ ತಾ.”

ತಟ್ಟಿದೆ ಅತ್ತಿ. ಇಷ್ಟು ವರ್ಷದಲ್ಲಿ ಅಷ್ಟು ದುಂಡಗೆ ನಾನು ಯಾವ ರೊಟ್ಟಿಯನ್ನೂ ತಟ್ಟಿರಲಿಲ್ಲ. ಇನ್ನು ಮೇಲೆ ತಿಂಗಳಿಗೊಂದು ಸೋಮವಾರ ನಿಮ್ಮ ಹಂಚು ಚಿತ್ತಾಪುರಕ್ಕೆ ಹೋಗುತ್ತದೆ, ಇದು ನಿಮ್ಮ ಸೊಸೆಯ ಮಾತು. ನಿಮ್ಮ ಮಾತಿನ ಸಾಲ ನಿನ್ನೆ ತೀರಿತು. ಆಕೆ ಕುಳಿತು ಉಂಡಳು. ಕೇಳಿ ಹಾಕಿಸಿಕೊಂಡು ಉಂಡಳು.

ನಿಮ್ಮ ಮಾತು ಮೀರಿ, ನಿಮ್ಮ ಮಾತು ಉಳಿಸಿದ ಸೊಸೆ
ಶಾಂತಾ